ಮಗುವನ್ನು ಕಿಟಕಿ ಹತ್ತಿರ ತನ್ನಿ

ಚೀಲದಕ್ಕನನ್ನು ಅವಳ ಹೆಸರು ಹಿಡಿದು ಕರೆಯುವವರು ಆ ಬಡಾವಣೆಯಲ್ಲಿ ಯಾರೂ ಇರಲಿಲ್ಲ. ಹೆರಿಗೆಯಾಗಿ ಆಸ್ಪತ್ರೆಯಿಂದ ಮನೆಗೆ ಬಂದ ತಾಯಂದಿರನ್ನೂ ಹಸುಗೂಸುಗಳನ್ನೂ ಮನೆಮನೆಗೆ ಹೋಗಿ ನೋಡಿಬರುವ ನರ್ಸು ಅವಳು. ಇಪ್ಪತ್ತೇಳು ವರ್ಷ ಅದೇ ಕೆಲಸ, ಬಲ ಹೆಗಲ ಮೇಲೆ ಅದೇ ಕಂದು ಬಣ್ಣದ ದಪ್ಪ ಚೀಲ. ಆ ಭಾರಕ್ಕೆ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಕೆಳಗೆ ಇಳಿದುಹೋಗಿತ್ತು. ಬಟ್ಟೆ ಹೊಲಿಯುವವಳು ಅಳತೆ ತೆಗೆದಾಗಲೆಲ್ಲ, "ಇಬ್ಬರ ಭುಜ ತಂದು ಒಬ್ಬರಿಗೆ ಜೋಡಿಸಿದ ಹಾಗಿದೆ ಅಕ್ಕ" ಎನ್ನುತ್ತಿದ್ದಳು.

ಚೀಲದೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ವಸ್ತು. ಕೂಸನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ ಕೊಕ್ಕೆಗೆ ತೂಗುಹಾಕುವ ಸ್ಪ್ರಿಂಗ್ ತಕ್ಕಡಿ. ತಲೆಯ ಸುತ್ತಳತೆಗೆ ಟೇಪು. ಥರ್ಮಾಮೀಟರು. ಪೆನ್ನಿನಷ್ಟು ಸಣ್ಣ ಟಾರ್ಚು. ಉಸಿರು ಎಣಿಸುವುದಕ್ಕೆ ಸೆಕೆಂಡು ಮುಳ್ಳಿನ ಗಡಿಯಾರವೊಂದಿತ್ತು, ಅದು ಮಾತ್ರ ಚೀಲದಲ್ಲಿರದೆ ಅವಳ ಎದೆಯ ಮೇಲೆ ಪಿನ್ನಿನಿಂದ ತಲೆಕೆಳಗಾಗಿ ನೇತಾಡುತ್ತಿತ್ತು. ಹೊಕ್ಕುಳಲ್ಲಿ ಕೀವಾಗಿದ್ದರೆ, ತಾಯಿಯ ಹೊಲಿಗೆ ಬಿಟ್ಟಿದ್ದರೆ ವೈದ್ಯರಿಗೆ ತೋರಿಸಲು ಒಂದು ಹಳೆಯ ಕ್ಯಾಮೆರಾ. ಅದನ್ನು ಹಗಲು ಬೆಳಕಿಗೆ ಹೊಂದಿಸಿ, ಯಾರೂ ಮುಟ್ಟಿ ಬದಲಾಯಿಸಬಾರದೆಂದು ಗುಂಡಿಯ ಮೇಲೆ ಗಾಯಕ್ಕೆ ಸುತ್ತುವ ಪ್ಲಾಸ್ಟರ್ ಅಂಟಿಸಿದ್ದಳು. ಬಲ್ಬಿನ ಬೆಳಕಿನಲ್ಲಿ ತೆಗೆದರೆ ಮಗುವೂ ಗೋಡೆಯೂ ಒಂದೇ ಸಮ ಕಿತ್ತಳೆ ಬಣ್ಣಕ್ಕೆ ಬರುತ್ತಿದ್ದವು. ಚೆಂದವೇನೂ ಕಾಣುತ್ತಿರಲಿಲ್ಲ. ಆದರೆ ಈ ಕೋಣೆಯ ಬೆಳಕು ಸರಿಯಿಲ್ಲ, ಈ ಫೋಟೋ ನಂಬುವ ಹಾಗಿಲ್ಲ ಎಂಬುದಾದರೂ ನೋಡಿದವರಿಗೆ ಗೊತ್ತಾಗುತ್ತಿತ್ತು.

ಎಲ್ಲಕ್ಕಿಂತ ಹಗುರವಾದದ್ದು ಹಳದಿ ಪಟ್ಟಿ. ಬೆರಳುದ್ದದ ಪಾರದರ್ಶಕ ಪ್ಲಾಸ್ಟಿಕ್ಕು, ಅದರ ಮೇಲೆ ತಿಳಿಯಿಂದ ಗಾಢಕ್ಕೆ ಐದು ಹಳದಿ ಗೆರೆ. ಕೂಸಿನ ಮೂಗಿನ ತುದಿಗೆ ಅದನ್ನು ಒತ್ತಿದರೆ ಅಲ್ಲಿನ ರಕ್ತ ಸರಿದು ಚರ್ಮದ ನಿಜವಾದ ಬಣ್ಣ ಕಾಣುತ್ತದೆ, ಅದು ಯಾವ ಗೆರೆಗೆ ಹೊಂದುತ್ತದೆಂದು ನೋಡಬೇಕು. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕರ್ಧ ಮೂರನೆಯ ದಿನಕ್ಕೆ ತುಸು ಹಳದಿಯಾಗುತ್ತವೆ. ಬಹಳಷ್ಟು ಮಕ್ಕಳಲ್ಲಿ ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಎಲ್ಲೋ ಒಂದರಲ್ಲಿ ಇಳಿಯುವ ಬದಲು ಏರುತ್ತದೆ, ಏರಿ ಮೆದುಳನ್ನು ಮುಟ್ಟುತ್ತದೆ. ಹಾಗೆ ಮುಟ್ಟಿದಾಗ ಮಗು ಉಳಿದರೂ ಅನೇಕ ಸಲ ಕಿವಿ ಉಳಿಯುವುದಿಲ್ಲ. ಆ ಒಂದು ಮಗುವನ್ನು ಉಳಿದವುಗಳಿಂದ ಬೇರೆ ಮಾಡಿ ನೋಡುವುದಕ್ಕೇ ಆ ಪಟ್ಟಿ.

"ಹಳದೀನ ಹಳದಿ ಬೆಳಕಲ್ಲಿ ಹುಡುಕಬೇಡ" ಎಂದು ಅವಳಿಗೆ ಕಲಿಸಿದ್ದವರು ಒಬ್ಬ ಹಿರಿಯ ವೈದ್ಯೆ. ಹಾಗಾಗಿ ಯಾವ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಚೀಲದಕ್ಕನ ಮಾತು ಒಂದೇ ಆಗಿತ್ತು: "ಮಗೂನ ಕಿಟಕಿ ಹತ್ತಿರ ತನ್ನಿ."

ಮನೆಯಲ್ಲಿ ಅವಳಿಗಿದ್ದದ್ದು ಒಬ್ಬಳು ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಎರಡು ಕೋಣೆ, ಎರಡು ಮಂಚ, ಒಂದು ಬಾಯಿ. ಆ ಬಾಯಿ ಅತ್ತಿಗೆಯದು. "ಗಂಡನ್ನ ಕಟ್ಟಿಕೊಂಡು ಏಗೋದು ಬೇಡ ಅಂತ ಚೀಲ ಕಟ್ಟಿಕೊಂಡೆ. ಗಂಡನಾದ್ರೆ ಮುದುಕನಾದ ಮೇಲೆ ಒಂದಿಷ್ಟು ಹಗುರ ಆಗ್ತಿದ್ದ" ಎನ್ನುತ್ತಿದ್ದಳು. ಎನ್ನುತ್ತಲೇ ನಾದಿನಿಯ ಮೊಣಕಾಲಿಗೆ ಬಿಸಿನೀರಿನ ಚೀಲ ಇಡುತ್ತಿದ್ದಳು. ಎರಡು ವರ್ಷದಿಂದ ಮೊಣಕಾಲು ಮೆಟ್ಟಿಲು ಕಂಡರೆ ಸಾಕು, ಮುಷ್ಕರ ಹೂಡುತ್ತಿತ್ತು.

ಅಂಥ ಹೊತ್ತಿನಲ್ಲಿ ಆಫೀಸಿನಲ್ಲಿ ನರ್ಸುಗಳಿಗೆಲ್ಲ ಹೊಸ ಫೋನು ಹಂಚಿದರು. ಮೇಲ್ವಿಚಾರಕ ಚೀಲದಕ್ಕನಿಗಿಂತ ಹದಿನೈದು ವರ್ಷ ಚಿಕ್ಕವನು, ಕೆಟ್ಟವನೇನಲ್ಲ. ಹೊಸ ಫೋನನ್ನು ಅವಳ ಅಂಗೈಯಲ್ಲಿಟ್ಟು, "ಅಕ್ಕ, ನಿಮ್ಮ ಚೀಲ ಪೂರ್ತಿ ಇದರೊಳಗಿದೆ. ಕ್ಯಾಮೆರಾ, ಟಾರ್ಚು, ಗಡಿಯಾರ, ರಿಜಿಸ್ಟರು, ಎಲ್ಲಾ" ಎಂದ.

"ತಕ್ಕಡಿ ಎಲ್ಲಿದೆ ಸರ್? ಮಗೂನ ಇದರ ಮೇಲೆ ಮಲಗಿಸ್ಲಾ?"

ಸುತ್ತಲಿದ್ದವರು ನಕ್ಕರು. ಅವನೂ ನಕ್ಕ. "ತೂಕಕ್ಕೆ ಏಳನೇ ದಿನ ಹೋಗಿ. ಮೂರನೇ ದಿನದ್ದು ಮಾತ್ರ ಫೋಟೋದಲ್ಲಿ ನೋಡಿ ಸಾಕು. ತಾಯಂದಿರೇ ಕಳಿಸ್ತಾರೆ. ನಿಮ್ಮ ಕಾಲಿಗೂ ಒಳ್ಳೇದು."

ಹಳೆಯ ಕ್ಯಾಮೆರಾವನ್ನು ವಾಪಸು ಪಡೆದು ಬೀರುವಿಗೆ ಸೇರಿಸಿದರು. ಉಳಿದದ್ದನ್ನು ಯಾರೂ ಕೇಳಲಿಲ್ಲ.

ಮೊದಲ ವಾರ ಚೀಲದಕ್ಕ ಫೋನನ್ನು ಚೇಳಿನಂತೆ ಎರಡು ಬೆರಳಲ್ಲಿ ಹಿಡಿದಳು. ಎರಡನೆಯ ವಾರ ಒಗ್ಗಿತು. ಮೂರನೆಯ ವಾರಕ್ಕೆ, ಸುಳ್ಳೇಕೆ ಹೇಳಬೇಕು, ಇಷ್ಟವಾಯಿತು. ಟಾರ್ಚು ಹಳೆಯದಕ್ಕಿಂತ ಪ್ರಖರವಾಗಿತ್ತು. ಊರಾಚೆಯ ತಾಯಿಯೊಬ್ಬಳ ಎದೆ ಕೆಂಪಾಗಿ ಊದಿಕೊಂಡದ್ದನ್ನು ಫೋಟೋದಲ್ಲೇ ಗುರುತು ಹಿಡಿದು ಅರ್ಧ ಗಂಟೆಯಲ್ಲಿ ಔಷಧಿ ಕೊಡಿಸಿದಳು. ನಡೆದು ಹೋಗಿದ್ದರೆ ಸಂಜೆಯಾಗುತ್ತಿತ್ತು. ಫೋಟೋಗಳಲ್ಲಿ ಮಕ್ಕಳು ಗುಲಾಬಿ ಬಣ್ಣಕ್ಕೆ ಮುದ್ದುಮುದ್ದಾಗಿ ಬರುತ್ತಿದ್ದವು. ಅತ್ತಿಗೆ ಹೆಗಲ ಮೇಲಿಂದ ಇಣುಕಿ, "ಈ ಕಾಲದ ಮಕ್ಕಳು ಹುಟ್ಟುವಾಗಲೇ ಪೌಡರ್ ಹಾಕಿಕೊಂಡು ಬರ್ತಾವೇನೇ?" ಎಂದಿದ್ದಳು. ಚೀಲದಕ್ಕ ಅದನ್ನು ತಮಾಷೆ ಎಂದುಕೊಂಡಳು.

ನಾಲ್ಕನೆಯ ಮಹಡಿಯ ತಾಯಿಯದು ಮೊದಲ ಹೆರಿಗೆ, ಹೆಣ್ಣುಮಗು. ಲಿಫ್ಟ್ ಇಲ್ಲದ ಕಟ್ಟಡ, ಅರವತ್ತೆಂಟು ಮೆಟ್ಟಿಲು. ಹೆರಿಗೆಗೆ ಮುಂಚೆ ಎರಡು ಸಲ ಹೋಗಿದ್ದರಿಂದ ಆ ಲೆಕ್ಕ ಚೀಲದಕ್ಕನ ಮೊಣಕಾಲಿಗೆ ಬಾಯಿಪಾಠವಾಗಿತ್ತು. ಆ ಹುಡುಗಿಗೆ ಗೋಡೆಬಣ್ಣ ಮಾರುವ ಅಂಗಡಿಯಲ್ಲಿ ಕೆಲಸ. ಗಿರಾಕಿ ತಂದ ಗಾರೆ ಚೂರನ್ನು ನೋಡಿ ಅದೇ ಬಣ್ಣವನ್ನು ಬೆರೆಸಿಕೊಡುವುದು. ಬಸುರಿಯಾಗಿದ್ದಾಗಲೇ ಅವಳಿಗೆ ಎಲ್ಲಕ್ಕೂ ಗಾಬರಿ. ಮಗು ಒದ್ದರೆ ಯಾಕೆ ಒದೆಯಿತು, ಒದೆಯದಿದ್ದರೆ ಯಾಕೆ ಸುಮ್ಮನಿದೆ ಎಂದು ಫೋನು ಮಾಡುತ್ತಿದ್ದಳು. ಅವಳ ಕರೆ ಬಂದರೆ ಆಫೀಸಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಅವಳಿಂದ ಏಳು ಫೋಟೋ, ಒಂದು ಪುಟ್ಟ ವೀಡಿಯೊ ಬಂದವು. ಆಗ ಚೀಲದಕ್ಕ ಮೂರು ಬೀದಿಯಾಚೆ ಬೇರೊಂದು ಮನೆಯ ಮೆಟ್ಟಿಲ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಇಡೀ ದಿನದಲ್ಲಿ ಇನ್ನೂ ಒಂಬತ್ತು ಮನೆ ಬಾಕಿ. ಎರಡು ಫೋಟೋ ತೆರೆದು ನೋಡಿದಳು. ನಿಂಬೆ ಬಣ್ಣದ ಹೊದಿಕೆಯೊಳಗೆ ಮಗು ಮೊಗ್ಗಿನ ಹಾಗೆ ಕಣ್ಣುಮುಚ್ಚಿ ಮಲಗಿತ್ತು. ಕೆನ್ನೆ ನಸುಗೆಂಪು. ಉಳಿದವನ್ನು ತೆರೆಯಲಿಲ್ಲ. 'ಬಣ್ಣ ಚೆನ್ನಾಗಿದೆ' ಎಂದು ಬರೆದು ಕಳಿಸಿದಳು.

ನಿಮಿಷದೊಳಗೆ ಕರೆ ಬಂತು.

"ಅಕ್ಕ, ನನಗೆ ಮಗು ಹಳದಿ ಅನ್ಸುತ್ತೆ."

"ಫೋಟೋದಲ್ಲಿ ಚೆನ್ನಾಗಿದೆಯಲ್ಲಮ್ಮ."

"ಅದೇ ಅಕ್ಕ. ಫೋಟೋದಲ್ಲಿ ಕಾಣ್ತಿಲ್ಲ. ಕಣ್ಣಿಗೆ ಕಾಣುತ್ತೆ. ಅದಕ್ಕೇ ಏಳು ಸಲ ತೆಗೆದೆ, ಒಂದರಲ್ಲೂ ಬರ್ತಿಲ್ಲ."

ಏಳು ಸಲ ತೆಗೆದರೂ ಹಳದಿ ಬರುತ್ತಿಲ್ಲವೆಂದರೆ ಅದು ಇಲ್ಲವೆಂದೇ ಅರ್ಥ ಎಂದು ಚೀಲದಕ್ಕನಿಗೆ ಅನ್ನಿಸಿತು. ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. "ಹಾಲು ಕುಡೀತಿದೆಯಾ?"

"ಕುಡೀತಾಳೆ. ಸ್ವಲ್ಪ ನಿದ್ದೆ ಜಾಸ್ತಿ. ಅಕ್ಕ, ನಾನು ದಿನಾ ಬಣ್ಣ ಬೆರೆಸೋಳು. ನೀವು ಮುಂಚೆ ತೋರಿಸಿದ್ರಲ್ಲ, ಆ ಹಳದಿ ಪಟ್ಟಿ ತಂದು ಒಂದ್ಸಲ ನೋಡ್ತೀರಾ?"

ಅರವತ್ತೆಂಟು ಮೆಟ್ಟಿಲು ಚೀಲದಕ್ಕನ ಕಣ್ಣ ಮುಂದೆ ಒಂದೊಂದಾಗಿ ಏರಿ ನಿಂತವು. ನಗುತ್ತ ಒಂದು ಮಾತು ಹೇಳಿದಳು, ಹುಡುಗಿಗೆ ಧೈರ್ಯ ಬರಲಿ ಎಂದೇ ಹೇಳಿದಳು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ, ಕೇಳಿದೀಯಾ? ಹೆದರಿದ ತಾಯಿ ಕಣ್ಣೂ ಹಾಗೇ. ಹಾಲು ಕೊಡು, ನೀನೂ ಮಲಗು. ಏಳನೇ ದಿನ ಬರ್ತೀನಿ."

ಆ ಕಡೆ ಹುಡುಗಿಯೂ ಸಣ್ಣಗೆ ನಕ್ಕಳು. ನಾಚಿಕೆಯಾದವರು ನಗುವ ಹಾಗೆ.

ನಾಲ್ಕನೆಯ ದಿನ ಅವಳು ಇನ್ನೊಂದು ಫೋಟೋ ಕಳಿಸಿದಳು, ಒಂದಕ್ಷರವನ್ನೂ ಬರೆಯದೆ. ಚೀಲದಕ್ಕ ಸರಿ ಎನ್ನುವ ಹೆಬ್ಬೆರಳಿನ ಚಿತ್ರ ಕಳಿಸಿ ಮುಂದಿನ ಮನೆಗೆ ಹೋದಳು. ಅದೇ ದಿನ ನಾಲ್ಕನೆಯ ಮಹಡಿಯ ಮನೆಯಲ್ಲಿ ನಡೆದ ಮಾತು ಅವಳಿಗೆ ಗೊತ್ತಾದದ್ದು ಆಮೇಲೆ. ಅತ್ತೆ, "ಹತ್ತು ಹೆತ್ತವರಿಗೆ ಇಲ್ಲದ ದಿಗಿಲು ನಿನಗೊಬ್ಬಳಿಗೆ. ಸಿಸ್ಟರಮ್ಮನೇ ಸರಿಯಿದೆ ಅಂದಮೇಲೆ ಮುಗೀತಲ್ಲ" ಎಂದಿದ್ದಳು. ಗಂಡ ತನ್ನ ಹೊಸ ಫೋನನ್ನು ಮಗುವಿನ ಪಕ್ಕ ಹಿಡಿದು, "ನೋಡು, ಇಷ್ಟು ಒಳ್ಳೇ ಕ್ಯಾಮೆರಾ ಇದು, ಕೂದಲೆಳೆ ಕೂಡ ಕಾಣುತ್ತೆ. ಹಳದಿ ಇದ್ದಿದ್ರೆ ಬಿಡ್ತಿತ್ತಾ?" ಎಂದಿದ್ದ. ಮೂವರು ಮತ್ತು ಒಂದು ಯಂತ್ರ ಒಂದು ಕಡೆ, ಅವಳ ಎರಡು ಕಣ್ಣು ಒಂದು ಕಡೆ. ಅವಳು ತನ್ನ ಕಣ್ಣನ್ನೇ ಅನುಮಾನಿಸಿದಳು.

ಐದನೆಯ ದಿನ ಬೆಳಿಗ್ಗೆ ಎಂಟಕ್ಕೆ ಕರೆ. ಈ ಸಲ ಅವಳ ದನಿಯಲ್ಲಿ ಗಾಬರಿಯೇ ಇರಲಿಲ್ಲ, ಅದನ್ನು ಕೇಳಿಯೇ ಚೀಲದಕ್ಕ ಕೂತಲ್ಲಿಂದ ಎದ್ದಳು.

"ಅಕ್ಕ, ಎಬ್ಬಿಸಿದ್ರೂ ಏಳ್ತಿಲ್ಲ. ಹಾಲು ಬಾಯಿಂದ ಆಚೆ ಬರ್ತಿದೆ. ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸ್ತಾಳೆ."

"ಗಾಡಿ ಕರೆಸಿ. ನಾನು ಬಂದೆ."

ಮೊಣಕಾಲು ಅವತ್ತು ಒಂದು ಮಾತೂ ಆಡಲಿಲ್ಲ. ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಒಳಗೆ ಕೋಣೆ. ಎರಡೂ ದಿನ ಫೋಟೋ ತೆಗೆದ ಕೋಣೆ ಅದೇ. ಬಾಣಂತಿಗೆ ಬಿಸಿಲು ತಾಗದಿರಲೆಂದು ಕಿಟಕಿಗೆ ಅರಿಶಿನ ಬಣ್ಣದ ದಪ್ಪ ಪರದೆ ಬಿಗಿದಿದ್ದರು. ಹೊದಿಕೆಯೂ ಹಳದಿ, ಗೋಡೆಯ ಬಣ್ಣವೂ ಹಳದಿ. ಆ ಗೋಡೆಯ ಬಣ್ಣವನ್ನು ಮಗುವಿಗೆಂದು ಹುಡುಗಿ ತಾನೇ ಬೆರೆಸಿ ಹಚ್ಚಿದ್ದಳು.

"ಮಗೂನ ಕಿಟಕಿ ಹತ್ತಿರ ತಾ." ಚೀಲದಕ್ಕ ಪರದೆಯನ್ನು ಒಂದೇ ಏಟಿಗೆ ಎಳೆದಳು.

ಹಗಲು ಒಳಗೆ ಬಂತು. ಪಟ್ಟಿಯನ್ನು ಮೂಗಿಗೆ ಒತ್ತುವ ಅಗತ್ಯವೇ ಇರಲಿಲ್ಲ, ಆದರೂ ಒತ್ತಿದಳು. ಕೈ ಇಪ್ಪತ್ತೇಳು ವರ್ಷದ ಅಭ್ಯಾಸವನ್ನು ಬಿಡಲಿಲ್ಲ. ಐದನೆಯ ಗೆರೆ. ಗೆರೆಗಿಂತಲೂ ಚರ್ಮವೇ ಗಾಢ. ಹಳದಿ ಅಂಗಾಲಿನವರೆಗೆ ಇಳಿದಿತ್ತು. ರೆಪ್ಪೆ ಬಿಡಿಸಿದರೆ ಕಣ್ಣಿನ ಬಿಳಿಯಲ್ಲಿ ಬಿಳಿಯೆಂಬುದೇ ಇಲ್ಲ.

ಹುಡುಗಿ ಪಟ್ಟಿಯನ್ನು ನೋಡಿದಳು, ಮಗುವಿನ ಮೂಗನ್ನು ನೋಡಿದಳು. ಅಂಗಡಿಯಲ್ಲಿ ನೋಡುವ ಹಾಗೆಯೇ.

ಆಸ್ಪತ್ರೆಯಲ್ಲಿ ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. ಅದೂ ಸಾಲದೆ ಮಗುವಿನ ರಕ್ತವನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಬೇರೆ ರಕ್ತವನ್ನು ಸ್ವಲ್ಪ ಸ್ವಲ್ಪವೇ ತುಂಬಿದರು. ಅದಕ್ಕೂ ಮುಂಚೆ, ಒಳಗೆ ಕರೆದೊಯ್ಯುವುದಕ್ಕೆ ಕಾದಿದ್ದ ಮೂರು ನಿಮಿಷದಲ್ಲಿ, ಚೀಲದಕ್ಕ ಒಂದು ಕೆಲಸ ಮಾಡಿದಳು. ಅದೇ ಹೊದಿಕೆಯನ್ನು ಮಗುವಿನ ಮುಖದ ಸುತ್ತ ಸರಿಪಡಿಸಿ, ಕೆನ್ನೆಯ ಪಕ್ಕ ಹಳದಿ ಪಟ್ಟಿಯನ್ನಿಟ್ಟು, ಒಂದು ಫೋಟೋ ತೆಗೆದಳು. ತೆರೆಯ ಮೇಲೆ ಮಗು ನಸುಗೆಂಪಾಗಿ ಬಂತು. ಪಕ್ಕದಲ್ಲಿ ಪಟ್ಟಿಯ ಐದನೆಯ ಗೆರೆ ಕೆನೆಹಾಲಿನ ಬಣ್ಣಕ್ಕೆ ತಿರುಗಿತ್ತು. ಚೌಕಟ್ಟಿನ ತುಂಬ ಹಳದಿ ಕಂಡ ಫೋನು ಅದನ್ನು ಬೆಳಕಿನ ದೋಷವೆಂದು ತಿಳಿದು, ಯಾರೂ ಕೇಳದೆಯೇ ತಿದ್ದಿತ್ತು. ಚರ್ಮಕ್ಕೆ ಒಂದಿಷ್ಟು ಮೆರುಗನ್ನೂ ಕೊಟ್ಟಿತ್ತು. ಮೂರನೆಯ ದಿನ "ಮಗುವಿನ ಪಕ್ಕ ಒಂದು ಬಿಳಿ ಕಾಗದ ಇಟ್ಟು ತೆಗಿ" ಎಂದಿದ್ದರೂ, ಕಾಗದ ನೀಲಿಗೆ ತಿರುಗಿದ್ದನ್ನು ಕಂಡು ಗೊತ್ತಾಗುತ್ತಿತ್ತು. ಮೆಟ್ಟಿಲು ಹತ್ತಿದ್ದರಂತೂ ಗೊತ್ತಾಗುತ್ತಲೇ ಇತ್ತು.

ಮಗು ಉಳಿಯಿತು. ಹನ್ನೊಂದನೆಯ ದಿನ ಮನೆಗೆ ಬಂತು.

ಆಫೀಸಿನಲ್ಲಿ ವಿಚಾರಣೆಯ ಮೇಜಿನ ಮೇಲೆ ಆ ಏಳು ಫೋಟೋಗಳು ಕೈಯಿಂದ ಕೈಗೆ ಹೋದವು. ಉಳಿದವರು ಎದ್ದುಹೋದ ಮೇಲೆ ಮೇಲ್ವಿಚಾರಕ ನಿರಾಳವಾಗಿ ಉಸಿರು ಬಿಟ್ಟ. "ಇದರಲ್ಲಿ ಮಗು ಚೆನ್ನಾಗೇ ಇದೆ ಅಕ್ಕ. ನಿಮ್ಮ ಮೇಲೆ ಏನೂ ಬರಲ್ಲ. ದಾಖಲೆ ನಿಮ್ಮ ಪರ ಇದೆ."

"ದಾಖಲೆ ಸುಳ್ಳು ಹೇಳ್ತಿದೆ ಸರ್."

"ಫೋಟೋ ಹೇಗೆ ಸುಳ್ಳು ಹೇಳುತ್ತೆ?"

ಅವಳು ಆಸ್ಪತ್ರೆಯಲ್ಲಿ ತೆಗೆದ ಫೋಟೋವನ್ನೂ ಕೈಯಲ್ಲಿದ್ದ ಪಟ್ಟಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಪಟ್ಟಿಯನ್ನು ಮೆಲ್ಲಗೆ ಅವಳ ಕಡೆಗೆ ತಳ್ಳಿದ. "ಇದನ್ನ ನೀವು ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ" ಎಂದ. ಅದು ಬೆದರಿಕೆಯಲ್ಲ, ಕರುಣೆಯಿಂದಲೇ ಹೇಳಿದ ಮಾತು.

ಚೀಲದಕ್ಕ ಒಂದು ಹಾಳೆ ಕೇಳಿ ತೆಗೆದುಕೊಂಡು ಬರೆದಳು: 'ಮಗು ಕಣ್ಣಿಗೆ ಹಳದಿ ಕಾಣುತ್ತದೆ, ಫೋಟೋದಲ್ಲಿ ಬರುತ್ತಿಲ್ಲ ಎಂದು ತಾಯಿ ಮೂರನೆಯ ದಿನವೇ ಹೇಳಿದ್ದರು. ಪಟ್ಟಿ ತಂದು ನೋಡಲು ಕೇಳಿದ್ದರು. ನಾನು ಹೋಗಲಿಲ್ಲ.' ಕೆಳಗೆ ರುಜು ಹಾಕಿದಳು. ಅವನು ಅದನ್ನು ಎರಡು ಮಡಿಕೆ ಮಾಡಿ ಡ್ರಾಯರಿನಲ್ಲಿಟ್ಟ. ಅದು ಅಲ್ಲಿಂದ ಮುಂದೆ ಎಲ್ಲಿಗೂ ಹೋದ ಹಾಗೆ ಕಾಣಲಿಲ್ಲ. ಮೂರನೆಯ ದಿನದ ಫೋಟೋಗಳೂ ನಿಲ್ಲಲಿಲ್ಲ. ಚೀಲದಕ್ಕ ಮಾತ್ರ ಯಾರನ್ನೂ ಕೇಳದೆ ತನ್ನ ಮನೆಗಳ ಮೆಟ್ಟಿಲನ್ನೆಲ್ಲ ಮತ್ತೆ ಹತ್ತತೊಡಗಿದಳು.

"ಈ ಕಾಲಲ್ಲಿ ಎಷ್ಟು ದಿನ ಅಂತ ಹತ್ತುತೀಯೇ?" ಎಂದು ಅತ್ತಿಗೆ ಕೇಳಿದಳು. ಕೇಳುತ್ತಲೇ ಬಿಸಿನೀರಿನ ಚೀಲ ತುಂಬಲು ಎದ್ದು ಹೋದಳು.

ನಾಲ್ಕನೆಯ ಮಹಡಿಗೆ ವಾರಕ್ಕೊಂದು ಸಲ ಹೋಗುತ್ತಿದ್ದಳು. ಆಸ್ಪತ್ರೆಯವರು ಕಿವಿಯ ಪರೀಕ್ಷೆಯನ್ನು ಮೂರು ತಿಂಗಳಿಗೆ ಇಟ್ಟಿದ್ದರು. ಅಲ್ಲಿಯವರೆಗೆ ಏನೂ ಹೇಳಲಾಗದು ಎಂದಿದ್ದರು. ಆದರೂ ಗೊತ್ತಾಗದೆ ಇರುತ್ತದೆಯೇ? ಬಾಗಿಲು ಗಾಳಿಗೆ ಬಡಿದುಕೊಂಡಾಗ ಮಗು ಮಲಗಿಯೇ ಇರುತ್ತಿತ್ತು. ಗಂಡ ಹಿಂದಿನಿಂದ ಕೀಲಿಕೈ ಗೊಂಚಲು ಆಡಿಸುತ್ತಿದ್ದ, ಮಗು ತಿರುಗುತ್ತಿರಲಿಲ್ಲ. ಅವನು ಕೀಲಿಕೈಯನ್ನು ಮುಂದಕ್ಕೆ ತರುತ್ತಿದ್ದ. ಮಗು ಹೊಳಪನ್ನು ಕಂಡು ನಗುತ್ತಿತ್ತು. "ನೋಡು, ಕೇಳಿಸ್ತು" ಎನ್ನುತ್ತಿದ್ದ. ಯಾರೂ ಅವನನ್ನು ತಿದ್ದುತ್ತಿರಲಿಲ್ಲ.

ಮೂರು ತಿಂಗಳಿಗೆ ತಲೆಗೆ ತಂತಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಹೋಗಿತ್ತು.

ಅದಾದ ವಾರ ಚೀಲದಕ್ಕ ಹೋದಾಗ ಹುಡುಗಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಪರದೆ ತೆಗೆದುಹಾಕಿದ್ದರು, ಕೊಂಡಿಗಳು ಮಾತ್ರ ಉಳಿದಿದ್ದವು. ಬರುವಾಗ ಮೆಟ್ಟಿಲುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತನ್ನು ಚೀಲದಕ್ಕ ನಿಂತುಕೊಂಡೇ ಹೇಳಿದಳು.

"ನೀನು ಕಂಡಿದ್ದೆ. ನಾನು ನಿನ್ನ ಕಣ್ಣಿಗೇ ಕಾಮಾಲೆ ಅಂದೆ. ಆ ಮಾತು ಆಡಬಾರದಿತ್ತು. ಬಂದು ನೋಡಬೇಕಿತ್ತು."

ಹುಡುಗಿ ತಲೆಯೆತ್ತಲಿಲ್ಲ. "ನಾನೇ ಎತ್ತಿಕೊಂಡು ಇಳಿದು ಬರಬಹುದಿತ್ತು ಅಕ್ಕ. ಹೊಲಿಗೆ ಕಿತ್ತುಹೋದ್ರೆ ಹೋಗ್ಲಿ ಅಂತ. ಎಲ್ಲರೂ ಇಲ್ಲ ಅಂದಾಗ ನನಗೂ ಇಲ್ಲ ಅನ್ನಿಸಿಬಿಡ್ತು." ಪಕ್ಕದಲ್ಲಿದ್ದ ಫೋನು ತೆಗೆದಳು. "ಅವತ್ತು ಫೋಟೋ ಜೊತೆ ಒಂದು ವೀಡಿಯೊ ಕಳಿಸಿದ್ದೆ. ನೋಡಿದ್ರಾ?"

"ಇಲ್ಲಮ್ಮ."

"ನೋಡಿ."

ಹನ್ನೆರಡು ಸೆಕೆಂಡು. ಅದೇ ಹೊದಿಕೆ, ಅದೇ ನಸುಗೆಂಪು ಕೆನ್ನೆ, ನಿದ್ದೆಯಲ್ಲಿ ಆಡುತ್ತಿದ್ದ ತುಟಿ. ಏಳನೆಯ ಸೆಕೆಂಡಿಗೆ ಒಳಗೆಲ್ಲೋ ಪಾತ್ರೆಯ ಮುಚ್ಚಳ ನೆಲಕ್ಕೆ ಬಿದ್ದು ಠಣಾರೆಂದಿತು. ಮಗುವಿನ ಎರಡೂ ಕೈ ಒಮ್ಮೆಲೇ ಅಗಲವಾಗಿ ಚಾಚಿಕೊಂಡವು, ಬೆರಳುಗಳೆಲ್ಲ ಬಿಚ್ಚಿಕೊಂಡವು, ಬಾಯಿ ಅಳುವುದಕ್ಕೆ ತೆರೆಯಿತು. ಅಲ್ಲಿಗೆ ಮುಗಿಯಿತು.

"ಬೆಚ್ಚಿಬಿದ್ದಳು, ನೋಡಿದ್ರಲ್ಲ" ಎಂದಳು ಹುಡುಗಿ. "ಅವತ್ತಿನವರೆಗೂ ಕೇಳಿಸ್ತಿತ್ತು. ಗುಲಾಬಿ ಬಣ್ಣದ ಆ ಫೋಟೋಗಳನ್ನೆಲ್ಲ ಅಳಿಸಿಬಿಡೋಣ ಅಂತ ದಿನಾ ತೆಗೀತೀನಿ, ಇದೊಂದು ಎದುರಿಗೆ ಬರುತ್ತೆ. ಅಳಿಸೋಕೆ ಆಗಲ್ಲ."

ಚೀಲದಕ್ಕನ ಎದೆಯ ಮೇಲೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅವಳು ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು.

"ಮುಚ್ಚಳ ಬೀಳಿಸಿದ್ರು ಅಂತ ಅವತ್ತು ಅತ್ತೆ ಮೇಲೆ ರೇಗಿದ್ದೆ" ಎಂದಳು ಹುಡುಗಿ, ದನಿ ತಗ್ಗಿಸಿ. "ಈಗ ದಿನಾ ಬೀಳಿಸ್ತಾರೆ. ಬೇಕು ಅಂತಲೇ. ಆಮೇಲೆ ಬಾಗಿಲಿಂದ ಇಣುಕಿ ನೋಡ್ತಾರೆ. ನನಗೆ ಗೊತ್ತಾಗಲ್ಲ ಅಂದ್ಕೊಂಡಿದಾರೆ."

ಅವಳ ಮಾತು ಮುಗಿದು ಇನ್ನೂ ಉಸಿರು ಬಿಟ್ಟಿರಲಿಲ್ಲ, ಅಡುಗೆಮನೆಯಲ್ಲಿ ಮುಚ್ಚಳ ಬಿತ್ತು. ಚೀಲದಕ್ಕ ಬೆಚ್ಚಿದಳು. ಬಾಗಿಲ ಸಂದಿಯಲ್ಲಿ ಅತ್ತೆಯ ಮುಖ ಕಾಣಿಸಿತು. ಮಗು ತಾಯಿಯ ಮಡಿಲಲ್ಲಿ ಕಿಟಕಿಯ ಬೆಳಕನ್ನು ನೋಡುತ್ತಲೇ ಇತ್ತು.